ಹಾಡದ ಪೆಟ್ಟಿಗೆ

"ಗುರುಗಳೇ, ತಾರಸ್ಥಾಯಿಯ ಸಂಚಾರಗಳನ್ನು ನೀವು ಈಚೆಗೆ ನನಗೆ ಹಾಡಿ ತೋರಿಸುತ್ತಿಲ್ಲ. ಅರ್ಧಕ್ಕೇ ಪಾಠ ನಿಲ್ಲಿಸಿಬಿಡುತ್ತೀರಿ. ಬೇರೆ ಯಾರಿಗಾದರೂ ಎತ್ತಿಟ್ಟಿದ್ದೀರಾ?"

ಕೇಳಿದವನು ತ್ರಿವಿಕ್ರಮ, ಸೋಮನಾಥಯ್ಯನವರ ಬಳಿ ಸಂಗೀತ ಕಲಿಯುತ್ತಿದ್ದ ಶಿಷ್ಯ. ಗುರುಗಳ ತಮ್ಮನ ಮಗ ಆಗಾಗ ಮನೆಗೆ ಬಂದು ಹೋಗುತ್ತಿದ್ದ. ವಿದ್ಯೆಯ ಕೆನೆಯೆಲ್ಲ ಅವನ ಪಾಲಾಗುತ್ತಿದೆ ಎಂಬ ಗುಮಾನಿ ಇವನ ತಲೆ ಹೊಕ್ಕಿತ್ತು. ಕೇಳಿಯೇಬಿಡೋಣ ಎಂದು ಕೇಳಿದ್ದ.

ಸೋಮನಾಥಯ್ಯ ತಂಬೂರಿಯನ್ನು ಗೋಡೆಗೆ ಒರಗಿಸಿ, ಒಂದು ಕತೆ ಹೇಳಿದರು.

ಒಬ್ಬ ಬಟ್ಟೆಯ ವರ್ತಕನಿದ್ದ. ಯಾರನ್ನೂ ಸುಲಭಕ್ಕೆ ನಂಬುವವನಲ್ಲ. ಹೊಸ ಥಾನು ಬಂದರೆ ಅಂಚನ್ನು ಒದ್ದೆ ಮಾಡಿ ಉಜ್ಜಿ, ನೂಲೆಷ್ಟು ಗಂಜಿಯೆಷ್ಟು ಎಂದು ನೋಡುತ್ತಿದ್ದ. ಒಂದೆಳೆ ಕಿತ್ತು ಸುಟ್ಟು ಮೂಸುತ್ತಿದ್ದ. ವ್ಯಾಪಾರದಲ್ಲಿ ಅದು ತಪ್ಪಲ್ಲ. ಆದರೆ ಈ ಪುಣ್ಯಾತ್ಮ ಅಂಗಡಿಯ ಬಾಗಿಲು ಹಾಕಿದ ಮೇಲೂ ಉಜ್ಜುವುದನ್ನು ಬಿಡುತ್ತಿರಲಿಲ್ಲ. ಯಾರಾದರೂ ನಕ್ಕರೆ ಯಾಕೆ ನಕ್ಕರು, ಅತ್ತರೆ ಏನು ಗಿಟ್ಟಿಸಲು ಅತ್ತರು ಎಂದು ಯೋಚಿಸುತ್ತಿದ್ದ.

ಅವನ ಹೆಂಡತಿ ಚೆನ್ನಾಗಿ ಹಾಡುತ್ತಿದ್ದಳು. ಅವಳು ತೀರಿಕೊಂಡಳು. ಅವಳ ದನಿ ಒಂದೇ ಒಂದು ಕ್ಯಾಸೆಟ್ಟಿನಲ್ಲಿ ಉಳಿದಿತ್ತು. ಮನೆಯಲ್ಲಿದ್ದ ಬೀರುವಿನಂಥ ಸ್ಪೀಕರುಗಳಲ್ಲಿ ಅದನ್ನು ಹಾಕಿದರೆ ಹಜಾರವೆಲ್ಲ ಗುಂಯ್‌ಗುಟ್ಟುತ್ತಿತ್ತು. ಮರದ ಪೆಟ್ಟಿಗೆಯ ಸದ್ದೇ ಜಾಸ್ತಿ, ಹೆಂಡತಿಯ ದನಿ ಅದರೊಳಗೆಲ್ಲೋ ಮುಳುಗಿರುತ್ತಿತ್ತು. ಅವನಿಗೆ ಅವಳ ಮೇಲೆ ಪ್ರೀತಿ ಇತ್ತು, ಅದು ಸುಳ್ಳಲ್ಲ. ಅವಳ ದನಿಯನ್ನು ಒಮ್ಮೆಯಾದರೂ ಇದ್ದಂತೆಯೇ ಕೇಳಬೇಕೆಂದು ಹಂಬಲಿಸಿದ.

ಪುಸ್ತಕದ ಕಪಾಟಿನಲ್ಲಿ ಹಿಡಿಸುವಷ್ಟು ಪುಟ್ಟ ಸ್ಪೀಕರುಗಳನ್ನು ಕಟ್ಟುವವನೊಬ್ಬನಿದ್ದಾನೆ, ಅವುಗಳಲ್ಲಿ ದನಿ ಇದ್ದ ಹಾಗೆಯೇ ಬರುತ್ತದೆ ಎಂದು ಯಾರೋ ಹೇಳಿದರು. ವರ್ತಕ ಕ್ಯಾಸೆಟ್ಟನ್ನು ಒಳಜೇಬಿನಲ್ಲಿಟ್ಟುಕೊಂಡು ಹೋದ.

ಸ್ಪೀಕರು ಕಟ್ಟುವವನು ಮೊದಲು ತನ್ನ ಬಳಿಯಿದ್ದ ಒಂದು ಮೃದಂಗದ ಧ್ವನಿಮುದ್ರಣ ಕೇಳಿಸಿದ. ಎದುರಿಗೇ ಕೂತು ನುಡಿಸಿದಂತಿತ್ತು. ವರ್ತಕನಿಗೆ ಖುಷಿಯಾಗಬೇಕಿತ್ತು, ಅನುಮಾನವಾಯಿತು. ಇಷ್ಟು ಸಣ್ಣ ಡಬ್ಬಿಯಿಂದ ಇಷ್ಟು ದೊಡ್ಡ ನಾದವೇ? ಬಗ್ಗಿ ಮೇಜಿನ ಕೆಳಗೆ ನೋಡಿದ. ಪರದೆ ಸರಿಸಿ ನೋಡಿದ. ಬೇರೆ ಸ್ಪೀಕರು ಎಲ್ಲೂ ಇರಲಿಲ್ಲ. ಪೆಟ್ಟಿಗೆ ಬಿಚ್ಚಿ ತೋರಿಸಲು ಹೇಳಿದ. ಕಟ್ಟುವವನು ಬೇಸರಪಡದೆ ಬಿಚ್ಚಿದ. ಒಳಗೆ ಅಡ್ಡಪಟ್ಟಿಗಳು, ಒಂದಿಷ್ಟು ಉಣ್ಣೆ, ತಂತಿಯ ಸುರುಳಿಗಳು. ಮಂದ್ರಕ್ಕೊಂದು ಕಾಗದದ ಕೋನು, ತಾರಕ್ಕೊಂದು ರೇಷ್ಮೆಯ ಪುಟ್ಟ ಗುಮ್ಮಟ. ರೇಷ್ಮೆ ಎಂದದ್ದೇ ತಡ, ಉಜ್ಜಿ ನೋಡಲು ವರ್ತಕನ ಬೆರಳು ಮುಂದೆ ಹೋಯಿತು. ಕಟ್ಟುವವನು ಕೈ ಹಿಡಿದು ತಡೆದ. ಬೆರಳು ತಾಗಿದರೆ ಅದು ಕೆಡುತ್ತಿತ್ತು. ವರ್ತಕ ಪೆಟ್ಟಿಗೆಯನ್ನು ಗೆಣ್ಣಿನಿಂದ ತಟ್ಟಿದ. ಕಲ್ಲು ತಟ್ಟಿದಂತೆ ಸದ್ದು ಅಲ್ಲಿಗೇ ನಿಂತಿತು.

"ಪೆಟ್ಟಿಗೆ ತಾನು ಹಾಡಬಾರದು ಸ್ವಾಮಿ," ಎಂದ ಕಟ್ಟುವವನು. "ಬೇರೆಯವರು ಹಾಡಿದ್ದಕ್ಕೆ ದಾರಿ ಬಿಡಬೇಕು. ನಾನು ಕಲಿತದ್ದು ಅಷ್ಟೇ."

ಪೆಟ್ಟಿಗೆಯನ್ನು ಮತ್ತೆ ಮುಚ್ಚಿದರು. ವರ್ತಕ ಕ್ಯಾಸೆಟ್ಟು ಕೊಟ್ಟ. ಹೆಂಡತಿಯ ದನಿ ಬಂತು. ಮಾತುಮಾತೂ ಬಿಡಿಸಿ ಇಟ್ಟಂತೆ ಬಂತು. ವರ್ತಕ ಕಣ್ಣು ಮುಚ್ಚಿದ. ಆದರೆ ಪಲ್ಲವಿ ಮುಗಿಯುವ ಹೊತ್ತಿಗೆ ಬೇರೇನೋ ಕೇಳಿಸತೊಡಗಿತು. ಸಾಲು ಸಾಲಿನ ನಡುವೆ ಒಂದು ಎಳೆತ. ಉಸಿರು ಸಾಲದೆ ಗಂಟಲಲ್ಲಿ ಸುಂಯ್‌ಗುಟ್ಟುವ ಸದ್ದು. ಚರಣಕ್ಕೆ ಬರುವಾಗ ಅದು ಹೆಚ್ಚಾಯಿತು. ವರ್ತಕ ಎದ್ದು ನಿಂತ. ಸಿಕ್ಕಿಬಿದ್ದ ಕಳ್ಳ ಎಂದುಕೊಂಡ. ಈ ಸದ್ದು ಮನೆಯಲ್ಲಿ ಇರಲಿಲ್ಲ. ಇದು ಪೆಟ್ಟಿಗೆ ಬೆರೆಸಿದ್ದು.

ಅವನೇನು ದಡ್ಡನಲ್ಲ. ಪೆಟ್ಟಿಗೆಯೇ ಏದುಸಿರು ಬಿಡುವುದಾದರೆ ಎಲ್ಲ ಹಾಡಿನಲ್ಲೂ ಬಿಡಬೇಕು. ಬೇರೆ ಗಾಯಕಿಯ ಹಾಡು ಹಾಕಿಸಿದ. ಅದು ಶುದ್ಧವಾಗಿ ಬಂತು. ಸ್ಪೀಕರುಗಳನ್ನು ಅದಲುಬದಲು ಮಾಡಿಸಿದ. ತನ್ನ ಕ್ಯಾಸೆಟ್ಟನ್ನು ಮತ್ತೆ ಹಾಕಿಸಿದ. ಅದೇ ಉಸಿರು, ಅದೇ ಜಾಗದಲ್ಲಿ. ಕ್ಯಾಸೆಟ್ಟನ್ನು ಯಾರಾದರೂ ಕೆಡಿಸಿರಬಹುದೇ? ಅದು ಅವನ ಮನೆಯಿಂದ ಹೊರಗೆ ಬಂದದ್ದೇ ಅಂದು. ಅನುಮಾನಪಡಲು ಇನ್ನು ಯಾರೂ ಉಳಿಯಲಿಲ್ಲ. ಅವನು ಕುರ್ಚಿಯಲ್ಲಿ ಕೂತ.

ಕಟ್ಟುವವನು ಮೆಲ್ಲಗೆ ಕೇಳಿದ: "ಅಮ್ಮನವರು ಹಾಡುವಾಗ ಹತ್ತಿರ ಯಾರಿದ್ದರು?"

"ನಾನೇ ಇದ್ದೆ. ಮಗ್ಗುಲಲ್ಲೇ ಕೂತಿದ್ದೆ."

ಹೇಳಿದ ಮೇಲೆ ವರ್ತಕನಿಗೆ ಒಂದೊಂದೇ ನೆನಪಾಯಿತು. ಆ ವರ್ಷ ಅವಳು ಮಹಡಿ ಹತ್ತುವಾಗ ನಡುವೆ ನಿಲ್ಲುತ್ತಿದ್ದಳು. ಕೆಲಸ ತಪ್ಪಿಸಲು ನೆಪ ಎಂದು ಅವನು ತಿಳಿದಿದ್ದ. ಸುಸ್ತು ಎಂದಾಗ, ನಿನ್ನ ನಾಟಕ ನನಗೆ ಗೊತ್ತು ಎಂದಿದ್ದ. ಅವಳು ಮತ್ತೆ ಹೇಳಲಿಲ್ಲ. ಅವಳು ಹೋದದ್ದು ದಿಢೀರನೆ ಎಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದ, ವೈದ್ಯರ ಮೇಲೂ ಗುಮಾನಿಪಟ್ಟಿದ್ದ. ಪರರ ಮನೆಯಲ್ಲಿ ಕೂತಿದ್ದೇನೆ ಎಂಬುದನ್ನೂ ಮರೆತು ಅತ್ತುಬಿಟ್ಟ. ಆ ಅಳುವಿನಲ್ಲಿ ಗಂಜಿ ಇರಲಿಲ್ಲ.

ಅತ್ತು ಮುಗಿದ ಮೇಲೆ ಕಟ್ಟುವವನ ಕೈ ಹಿಡಿದುಕೊಂಡ. "ಹಾಡು ಹೀಗೇ ಇರಲಿ. ಆ ಉಸಿರೊಂದು ಕೇಳಿಸದ ಹಾಗೆ ಮಾಡಿಕೊಡಿ."

"ಅದಕ್ಕೇನಂತೆ, ಮಾಡಬಹುದು," ಎಂದ ಕಟ್ಟುವವನು. "ಪೆಟ್ಟಿಗೆಯನ್ನು ಸ್ವಲ್ಪ ಕೆಡಿಸಿದರಾಯಿತು."

ಸೋಮನಾಥಯ್ಯ ಕತೆಯನ್ನು ಅಲ್ಲಿಗೆ ಬಿಟ್ಟರು. ತ್ರಿವಿಕ್ರಮ ತಡೆಯಲಾರದೆ ಕೇಳಿದ: "ಕೊನೆಗೆ ಕೆಡಿಸಿಕೊಂಡೇ ಹೋದನೇ, ಗುರುಗಳೇ?"

"ಅವನ ವಿಷಯ ಬಿಡು, ಮೇಲಿನ ಷಡ್ಜದ ಹತ್ತಿರ ಬಂದು ನಾನು ದಿನಾ ನಿಂತುಬಿಡುವಾಗ, ಎದುರಿಗೇ ಕೂತ ನಿನಗೆ ನನ್ನ ಉಸಿರು ಒಮ್ಮೆಯೂ ಕೇಳಿಸಲಿಲ್ಲವೇ?"