ಬಳೆಗಾರ್ತಿಯ ಉದ್ದ ತೋಳಿನ ಕುಪ್ಪಸ

ಸಾವಂತ್ರವ್ವ ಸಂತೆಯಲ್ಲಿ ಬಳೆ ತೊಡಿಸುವವಳು. ಎಷ್ಟೇ ಬಿಗಿ ಬಳೆಯಾಗಲಿ, ಹೆಂಗಸರ ಕೈಯನ್ನು ಮೆಲ್ಲಗೆ ಅಮುಕಿ, ನೋಯದ ಹಾಗೆ ಏರಿಸಿಬಿಡುತ್ತಿದ್ದಳು. ಅಂಥವಳ ಮೊಣಕೈ ಮೇಲೆ ಒಂದು ವರ್ಷ ಕೆಂಪು ಕಲೆಗಳೆದ್ದವು. ಕೆರೆದರೆ ಬಿಳಿ ಹೊಟ್ಟು ಉದುರುತ್ತಿತ್ತು. ದಿನ ಕಳೆದಂತೆ ಕಲೆ ಮುಂಗೈಯತ್ತ ಇಳಿಯಿತು.

ಅವಳಿಗೆ ಒಂದೇ ಚಿಂತೆ. ಇದನ್ನು ಕಂಡ ಮೇಲೆ ಯಾವ ಹೆಂಗಸು ತನ್ನ ಕೈಗೆ ಕೈ ಕೊಟ್ಟಾಳು? ಯಾರೂ ಕೈ ಕೊಡದಿದ್ದರೆ ಬದುಕುವುದು ಹೇಗೆ? ಮಣಿಕಟ್ಟಿನವರೆಗೆ ಬರುವ ಉದ್ದ ತೋಳಿನ ಕುಪ್ಪಸ ಹೊಲಿಸಿಕೊಂಡಳು. ಬೇಸಿಗೆಯಲ್ಲೂ ಅದೇ. ಕೇಳಿದವರಿಗೆಲ್ಲ ಇದು ಹೊಸ ಫ್ಯಾಷನ್ ಎಂದಳು. ಪಾಪ, ಆ ಫ್ಯಾಷನ್ನಿನ ಒಳಗೆ ಚರ್ಮ ಉರಿಯುತ್ತಿತ್ತು.

ಆರು ತಿಂಗಳಲ್ಲಿ ಹೊಟ್ಟೆ ಕೆಟ್ಟಿತು. ಉಂಡದ್ದು ನಿಲ್ಲದು. ಒಂದು ಬೆಳಿಗ್ಗೆ ರಕ್ತವೂ ಕಂಡಿತು. ದವಾಖಾನೆಗೆ ಓಡಿದಳು. ಹೊಟ್ಟೆ ಬಿಟ್ಟು ಬೇರೇನಾದರೂ ತೊಂದರೆ ಇದೆಯೇ ಎಂದು ಡಾಕ್ಟರಮ್ಮ ಕೇಳಿದರು. ಇವಳು ಕುಪ್ಪಸದ ತೋಳು ಎಳೆದುಕೊಂಡು, ಏನೂ ಇಲ್ಲ ಎಂದಳು. ಕೊಟ್ಟ ಗುಳಿಗೆಯಿಂದ ಗುಣ ಕಾಣಲಿಲ್ಲ. ಎರಡನೆಯ ಸಲವೂ ಅದೇ ಪ್ರಶ್ನೆ, ಅದೇ ಸುಳ್ಳು. ಮೈ ಕಡ್ಡಿಯಾಯಿತು. ಸತ್ತೇ ಹೋಗುತ್ತೇನೆಂಬ ಭಯ ಒಂದು ಕಡೆ, ತೋಳು ಸರಿಸಿದರೆ ಕಸುಬು ಹೋಗುತ್ತದೆಂಬ ಭಯ ಇನ್ನೊಂದು ಕಡೆ. ಎರಡನೆಯದೇ ದೊಡ್ಡದಾಗಿತ್ತು, ನೋಡಿ.

ಮೂರನೆಯ ಸಲ ಡಾಕ್ಟರಮ್ಮ ಚೀಟಿ ಬರೆಯಲಿಲ್ಲ. ಆ ಸೆಖೆಯಲ್ಲೂ ಮುಚ್ಚಿಕೊಂಡ ತೋಳನ್ನೇ ನೋಡಿದರು. ಅವಳು ಜೊತೆಗೆ ತಂದಿದ್ದ ಬಳೆಬುಟ್ಟಿಯಿಂದ ಹಸಿರು ಬಳೆ ಆರಿಸಿ, ತೊಡಿಸು ಎಂದು ಕೈ ಚಾಚಿದರು. ಸಾವಂತ್ರವ್ವ ಬಳೆ ಕೈಗೆತ್ತಿಕೊಂಡಳು. ಎರಡು ಬಳೆ ಏರಿದವು. ಮೂರನೆಯದನ್ನು ಏರಿಸುವಾಗ ಕುಪ್ಪಸದ ತೋಳು ಹಿಂದೆ ಸರಿದು, ಬಿಳಿ ಹೊಟ್ಟು ಡಾಕ್ಟರಮ್ಮನ ಮಣಿಕಟ್ಟಿನ ಮೇಲೆ ಉದುರಿತು. ಬಳೆ ಗೆಣ್ಣಿನ ಮೇಲೇ ನಿಂತಿತು.

"ಕೈ ತಗೀರಿ ಅವ್ವಾರ, ಈ ರೋಗ ನಿಮಗ ಹತ್ತತೈತಿ," ಎಂದಳು ಸಾವಂತ್ರವ್ವ.

"ಇದು ಮುಟ್ಟಿದರ ಹತ್ತೂದಲ್ಲ. ಬಳಿ ಯಾಕ ನಿಲ್ಲಿಸಿದಿ? ಪೂರಾ ಇಡು."

ಅವರು ಕೈ ಹಿಂದೆಳೆಯಲಿಲ್ಲ. ಸಾವಂತ್ರವ್ವ ಬಿಕ್ಕಿ ಬಿಕ್ಕಿ ಅತ್ತಳು.

ಆಮೇಲೆ ಅವರು ತಿಳಿಸಿ ಹೇಳಿದರು. ಚರ್ಮ ಮೈಯ ಹೊರಗೋಡೆ, ಕರುಳು ಒಳಗೋಡೆ. ಎರಡನ್ನೂ ರೋಗದಿಂದ ಕಾಯುವ ಪಡೆ ಒಂದೇ. ಹೊರಗೆ ತಿಂಗಳುಗಟ್ಟಲೆ ಉರಿ ಎದ್ದಿದ್ದರೆ ಒಳಗಿನ ಕಾವಲುಗಾರರೂ ದಿಕ್ಕು ತಪ್ಪಿ ತಮ್ಮ ಮನೆಯನ್ನೇ ಬಡಿಯತೊಡಗಬಹುದು. ಮೊದಲೇ ತೋರಿಸಿದ್ದರೆ ಇಷ್ಟು ಸೊರಗಬೇಕಿರಲಿಲ್ಲ ಎಂದರು. ದೊಡ್ಡಾಸ್ಪತ್ರೆಗೆ ಕಳಿಸಿದರು. ಚರ್ಮಕ್ಕೂ ಕರುಳಿಗೂ ಒಟ್ಟಿಗೇ ಮದ್ದು ನಡೆದು, ರಕ್ತ ನಿಲ್ಲಲು ಎರಡು ತಿಂಗಳು ಹಿಡಿಯಿತು.

ಮತ್ತೆ ಸಂತೆಗೆ ಕೂತ ದಿನ ಅವಳು ಗಿಡ್ಡ ತೋಳಿನ ಕುಪ್ಪಸ ತೊಟ್ಟಿದ್ದಳು. ಕಲೆ ಪೂರ್ತಿ ಮಾಸಿರಲಿಲ್ಲ. ಇಬ್ಬರು ನೋಡಿ ಎದ್ದು ಹೋದರು. ಮೂರನೆಯವಳು ಇದೇನೆಂದು ಕೇಳಿದಳು. ಸಾವಂತ್ರವ್ವ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಆಕೆ ಬಳೆ ಆರಿಸಿ, ಕೈ ಚಾಚಿದಳು.

ನೀತಿ: ಮೈಯ ಹೊರಗು ಒಳಗು ಬೇರೆಯಲ್ಲ, ಚರ್ಮದ ಬೇನೆಯನ್ನು ಮುಚ್ಚಿಟ್ಟರೆ ಕರುಳಿಗೂ ಕೇಡಾಗಬಹುದು. ವೈದ್ಯರ ಮುಂದೆ ಯಾವುದನ್ನೂ ಬಚ್ಚಿಡಬೇಡಿ. ಇನ್ನೊಬ್ಬರ ಮೈಮೇಲೆ ಕಲೆ ಕಂಡರೆ, ಏನೆಂದು ಕೇಳುವ ಮೊದಲೇ ಕೈ ಹಿಂದೆಳೆಯಬೇಡಿ. ಅವರು ಮುಚ್ಚಿಡುವುದು ನೀವು ಕೈ ಹಿಂದೆಳೆದೀರೆಂಬ ಭಯಕ್ಕೇ.