ಕುಂಬಾರ ದ್ಯಾವಣ್ಣನ ಮಾತು

“ಕೇಳಿರಿ, ಮಣಿಗಿರಿಯ ಜನರೇ! ಅರಸ ಕೇತರಸರ ಮಗಳು ಮಾಚಲದೇವಿ ಮೂರು ಒಗಟು ಇಡುತ್ತಾಳೆ. ಮೂರನ್ನೂ ಬಿಡಿಸಿದವನಿಗೆ ಅವಳ ಕೈಯೂ ಅರ್ಧ ರಾಜ್ಯವೂ ಸಲ್ಲುತ್ತವೆ. ತಪ್ಪಿದವನಿಗೆ ಸೆರೆ. ಹುಣ್ಣಿಮೆಯೊಳಗೆ ಯಾರೂ ಬಿಡಿಸದೆ ಹೋದರೆ ಸೆರೆಯಲ್ಲಿದ್ದವರಿಗೆಲ್ಲ ಶೂಲ!”

ಹೀಗೆಂದು ಡಂಗುರ ಸಾರಿದರು. ಶೂಲದ ಮಾತನ್ನು ಸೇರಿಸಿದ್ದು ಅರಸ. ಜೀವಭಯಕ್ಕೆ ಯಾರೂ ಇತ್ತ ಸುಳಿಯಲಾರರು ಎಂದು ಅವನ ಎಣಿಕೆ. ಆದರೆ ಅರ್ಧ ರಾಜ್ಯದ ಆಸೆ ದೊಡ್ಡದು, ಜನ ಬಂದರು. ಮಾಚಲದೇವಿ ಮೊದಲ ಒಗಟನ್ನು ತುಂಬಿದ ಸಭೆಯಲ್ಲಿ ಕೇಳಿದಳು:

“ಒಂದೇ ಆವಿಗೆಯಲ್ಲಿ ಬೆಂದ ಅಕ್ಕತಂಗಿಯರು. ಅಕ್ಕ ಕೋಟೆಯೊಳಗೆ ಹೋದಳು, ಜೀವ ಕೊಟ್ಟಳು. ತಂಗಿ ಕೋಟೆಯ ಹೊರಗೆ ಹೋದಳು, ಏನೂ ಕೊಡಲಿಲ್ಲ. ತಂಗಿಯ ಹಣೆಗೆ ಮಾತ್ರ ಕೆಂಪು ಬೊಟ್ಟು. ಯಾರು ಇವರು?”

ನೆರೆನಾಡಿನ ರಾಜಕುಮಾರ ಮೀಸೆ ತಿರುವಿ, “ಹಣತೆಗಳು” ಎಂದ. ಅವನನ್ನು ಸೆರೆಮನೆಗೆ ಒಯ್ದರು. “ಇಟ್ಟಿಗೆಗಳು” ಎಂದ ದಂಡನಾಯಕನ ಮಗನೂ ಅಲ್ಲಿಗೇ ಹೋದ. ತರ್ಕ ಓದಿದ ಪಂಡಿತನೊಬ್ಬ ಅರ್ಧ ದಿನ ಯೋಚಿಸಿ, “ಪುಣ್ಯ ಮತ್ತು ಪಾಪ” ಎಂದ. ಹುಣ್ಣಿಮೆಗೆ ಎರಡು ದಿನ ಉಳಿದಾಗ ಸೆರೆಯಲ್ಲಿ ಹನ್ನೊಂದು ಮಂದಿ ಇದ್ದರು. ಮಾಚಲದೇವಿ ಊಟ ಬಿಟ್ಟಿದ್ದಳು.

ಒಗಟು ಬಾಯಿಂದ ಬಾಯಿಗೆ ಹರಿದು ಕೋಟೆಯ ಹೊರಗಿನ ಸಂತೆಗೂ ಬಂತು. ಅಲ್ಲಿ ಮಡಕೆ ಮಾರುತ್ತಿದ್ದ ಕುಂಬಾರ ಚೌಡ ಅದನ್ನು ಕೇಳಿ ಕೂತಲ್ಲೇ ಬೆವರಿದ. ಕೈಯಲ್ಲಿದ್ದ ಮಡಕೆಯನ್ನು ಕೆಳಗಿಟ್ಟು, ಮೈಮೇಲಿನ ಮಣ್ಣನ್ನೂ ತೊಳೆಯದೆ ಅರಮನೆಯ ದಾರಿ ಹಿಡಿದ.

ಸಭೆಯಲ್ಲಿ ಅವನನ್ನು ಕಂಡು ನಗು ಎದ್ದಿತು. ಚೌಡ ಕೈಮುಗಿದು ಹೇಳಿದ:

“ತಾಯಿ, ಅವು ಮದ್ದಿನ ಕುಡಿಕೆಗಳು. ಮೂರು ವರ್ಷದ ಹಿಂದೆ ಚಳಿಜ್ವರ ಬಂದಾಗ ನಾನೇ ಮಾಡಿಕೊಟ್ಟೆ. ಕೋಟೆಯ ಹೊರಗಿನ ಕೇರಿಗೆ ಕಳಿಸುವ ಕುಡಿಕೆಗೆ ಕೆಮ್ಮಣ್ಣಿನ ಬೊಟ್ಟು ಇಡು ಅಂತ ರಾಜವೈದ್ಯರು ಹೇಳಿದ್ದರು. ಯಾಕೆ ಅಂತ ನಾನು ಕೇಳಲಿಲ್ಲ.”

ನಗು ನಿಂತಿತು. ಅರಸನ ಪಕ್ಕದಲ್ಲಿದ್ದ ರಾಜವೈದ್ಯ ನಾಗದೇವ ಎದ್ದು ನಿಂತ. “ಮಹಾಪ್ರಭು, ಇವನ ಅಪ್ಪ ದ್ಯಾವಣ್ಣ ರಾಜದ್ರೋಹಿ. ಗಡೀಪಾರಾದವನು. ಇವನನ್ನು ಮಾತಾಡಲು ಬಿಡಬಾರದು.”

“ಡಂಗುರದ ಮಾತು ತಮ್ಮದೇ ಅಲ್ಲವೇ, ಅಪ್ಪಾಜಿ?” ಎಂದಳು ಮಾಚಲದೇವಿ. ಅವಳು ಎರಡನೆಯದನ್ನು ಕೇಳಿದಳು:

“ಹಿಂದೆ ಅದು ಮರವಾಗಿತ್ತು, ಆಮೇಲೆ ಬೆಂಕಿಯಾಯಿತು, ಕೊನೆಗೆ ಮದ್ದೆನಿಸಿಕೊಂಡಿತು. ನಾಲಿಗೆಗೆ ಕಹಿಯಿಲ್ಲ, ಜ್ವರಕ್ಕೆ ಭಯವಿಲ್ಲ. ಏನದು?”

“ಬೂದಿ, ತಾಯಿ” ಎಂದ ಚೌಡ. “ಬೆಲ್ಲದ ನೀರಲ್ಲಿ ಕಲಸಿದ ಬೂದಿ. ನನ್ನಪ್ಪ ಅದನ್ನು ನಾಲಿಗೆಗೆ ಇಟ್ಟು ನೋಡಿದವನೇ, ಇದು ಮದ್ದಲ್ಲ, ನಮ್ಮನ್ನು ಸಾಯಲು ಬಿಟ್ಟಿದ್ದಾರೆ ಅಂತ ಕೇರಿಯಲ್ಲೆಲ್ಲ ಕೂಗಿಕೊಂಡು ಬಂದ. ಜನ ಹುಚ್ಚ ಅಂದರು. ನಾನೂ ಅಂದೆ. ಅರಸರು ಕೊಟ್ಟ ಮದ್ದು ಸುಳ್ಳಾಗುತ್ತದೆಯೇ ಅಂತ ಅವನ ಮೇಲೆ ರೇಗಿದೆ. ಅವನನ್ನು ಹೊರಗೆ ತಳ್ಳಿ, ತಂಗಿ ನೀಲಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ನಾನೇ ಕುಡಿಸಿದೆ. ಸಿಹಿಯಾಗಿದೆ ಅಣ್ಣಾ, ಇನ್ನೊಂದು ಗುಟುಕು ಕೊಡು ಅಂದಳು. ಒಂಬತ್ತನೆಯ ದಿನ ಹೋದಳು.”

ಮಾಚಲದೇವಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅದೇ ಜ್ವರ ಅವಳಿಗೂ ಬಂದಿತ್ತು. ಅವಳು ಕುಡಿದ ಕಷಾಯ ವಿಪರೀತ ಕಹಿಯಾಗಿತ್ತು.

“ಮೂರನೆಯದು” ಎಂದಳು. “ಊರು ಅದಕ್ಕೆ ಕಲ್ಲು ಹೊಡೆಯಿತು. ಅರಸು ಅದನ್ನು ಗಡಿಯಾಚೆ ಅಟ್ಟಿತು. ಆದರೂ ಅದು ಅರಮನೆಯ ಪೆಟ್ಟಿಗೆಯಲ್ಲಿ ಓಲೆಯಾಗಿ ಕೂತಿದೆ. ಏನದು?”

ಚೌಡ ಕೈಗಂಟಿದ ಒಣಮಣ್ಣನ್ನು ಉಜ್ಜುತ್ತ ನಿಂತ. ಕಾವಲಿನವರು ಒಂದು ಹೆಜ್ಜೆ ಮುಂದೆ ಬಂದರು.

“ನನ್ನಪ್ಪನ ಮಾತು” ಎಂದ ಕೊನೆಗೆ. “ಅದು ನಿಜವಾಗಿತ್ತು.”

ಮಾಚಲದೇವಿ ಪೀಠದಿಂದ ಇಳಿದು ಬಂದಳು. “ವೈದ್ಯರ ಓಲೆಕಟ್ಟು ಒಮ್ಮೆ ನನ್ನ ಕೈಗೆ ಸಿಕ್ಕಿತು. ಮದ್ದಿಲ್ಲದೆ ಜ್ವರ ಹೇಗೆ ಏರುತ್ತದೆ, ಎಷ್ಟನೆಯ ದಿನ ಕೊಲ್ಲುತ್ತದೆ ಎಂದು ತಿಳಿಯಲು ಒಂದು ಕೇರಿಯನ್ನೇ ಬಿಟ್ಟುಬಿಟ್ಟಿದ್ದರು. ಒಬ್ಬೊಬ್ಬರ ಹೆಸರಿನ ಮುಂದೆಯೂ ದಿನ ಬರೆದಿದೆ. ಅಪ್ಪಾಜಿಯ ಒಪ್ಪಿಗೆಯ ಮುದ್ರೆಯೂ ಇದೆ. ನಾನಾಗಿ ಬಾಯಿ ಬಿಡಕೂಡದೆಂದು ಅಪ್ಪಾಜಿಯೇ ನನ್ನಿಂದ ಆಣೆ ಮಾಡಿಸಿಕೊಂಡರು. ಇನ್ನೊಬ್ಬರ ಬಾಯಿಂದಲಾದರೂ ಹೊರಬೀಳಲಿ ಎಂದು ಒಗಟು ಕಟ್ಟಿದೆ.”

ಅರಸ ಕಿರೀಟ ತೆಗೆದು ಮಡಿಲಲ್ಲಿಟ್ಟುಕೊಂಡ. “ಮುಂದೆ ನೂರಾರು ಜನ ಬದುಕುತ್ತಾರೆ ಎಂದು ವೈದ್ಯರು ಹೇಳಿದರು. ನಾನು ನಂಬಿದೆ” ಎಂದ. ನಾಗದೇವನನ್ನು ಸೆರೆಗೆ ಒಯ್ದರು. ಅದೇ ಬಾಗಿಲಿನಿಂದ ಹನ್ನೊಂದು ಮಂದಿ ಬದುಕಿ ಹೊರಬಂದರು.

“ಅರ್ಧ ರಾಜ್ಯ ನಿನ್ನದು, ಚೌಡ. ನಾನೂ ಕೊಟ್ಟ ಮಾತಿಗೆ ಬದ್ಧಳು” ಎಂದಳು ಮಾಚಲದೇವಿ.

“ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ, ತಾಯಿ. ಆದರೆ ನಿಮ್ಮನ್ನು ಕಂಡಾಗಲೆಲ್ಲ ನನ್ನ ತಂಗಿ ಕಣ್ಣಿಗೆ ಬರುತ್ತಾಳೆ. ಮದುವೆ ಬೇಡ. ರಾಜ್ಯ ಆಳಲು ನನಗೆ ಬಾರದು. ನಮ್ಮ ಕೇರಿಗೆ ಒಬ್ಬ ವೈದ್ಯರನ್ನು ಕೊಡಿ. ಅವರು ಕೊಡುವ ಮದ್ದನ್ನು ಮೊದಲು ಅವರೇ ಕುಡಿಯಲಿ. ಸತ್ತವರ ಹೆಸರನ್ನು ಕೋಟೆಬಾಗಿಲಲ್ಲಿ ನಿಂತು ಅರಸರೇ ಓದಲಿ. ನನ್ನಪ್ಪನನ್ನು ಕರೆತರಲು ಅಪ್ಪಣೆ ಕೊಡಿ.”

ಮೂರೂ ನಡೆದವು. ಅರಸ ನಲವತ್ತೆರಡು ಹೆಸರು ಓದಿದ. ನೀಲಿಯ ಹೆಸರು ಬಂದಾಗ ಚೌಡ ಜನರ ನಡುವೆ ನಿಂತಿದ್ದ.

ಗಡಿಯಾಚೆಯ ಹಳ್ಳಿಯಲ್ಲಿ ದ್ಯಾವಣ್ಣ ಮಡಕೆ ಮಾಡುವ ತಿಗರಿಯ ಮುಂದೆ ಕೂತಿದ್ದ. ಕೂದಲೆಲ್ಲ ನೆರೆತಿತ್ತು. ಚೌಡ ಕಾಲಿಗೆ ಬಿದ್ದು, “ಅಪ್ಪಾ, ನೀನು ಹೇಳಿದ್ದು ನಿಜ ಅಂತ ಅರಸರು ಎಲ್ಲರೆದುರು ಒಪ್ಪಿಕೊಂಡರು” ಎಂದ.

ಮುದುಕ ಹಿಗ್ಗಲಿಲ್ಲ. ತಿರುಗುತ್ತಿದ್ದ ತಿಗರಿಯನ್ನು ಅಂಗೈಯಿಂದ ತಡೆದು ನಿಲ್ಲಿಸಿದ.

“ಸುಳ್ಳಾಗಿರಲಿ ಅಂತ ಮೂರು ವರ್ಷ ದೇವರಲ್ಲಿ ಬೇಡಿಕೊಂಡೆ ಕಣೋ” ಎಂದ. “ನಾನು ಹುಚ್ಚನೇ ಆಗಿರಲಿ, ಮಗು ಬರೀ ಜ್ವರದಿಂದ ಹೋಗಿರಲಿ ಅಂತ.”

ಚೌಡ ಅಪ್ಪನ ಮಣ್ಣುಗೈಗಳನ್ನು ಹಿಡಿದುಕೊಂಡ. ಆಮೇಲೆ ಇಬ್ಬರೂ ಎದ್ದು ಮಣಿಗಿರಿಯ ಕಡೆಗೆ ನಡೆದರು.