ಗೀರಿಲ್ಲದ ಸಿ.ಡಿ.

ವನಮಾಲಮ್ಮನವರ ತೀರಿಹೋದ ಅಕ್ಕನ ಹಾಡು ಉಳಿದಿದ್ದುದು ಒಂದೇ ಒಂದು ಸಿ.ಡಿ.ಯಲ್ಲಿ. ಅದಕ್ಕೊಂದು ಗೀರು ಬಿದ್ದಿತ್ತು. ಎರಡನೇ ಚರಣದಲ್ಲಿ ಹಾಡು ತೊದಲಿ ನಿಂತಾಗಲೆಲ್ಲ ವನಮಾಲಮ್ಮ ಹಪ್ಪಳ ಲಟ್ಟಿಸುತ್ತಲೇ ಆ ಸಾಲನ್ನು ತಾವೇ ಹಾಡುತ್ತಿದ್ದರು. ಅಷ್ಟರಲ್ಲಿ ಅಕ್ಕ ಮುಂದಿನ ಸಾಲಿಗೆ ಬಂದಿರುತ್ತಿದ್ದಳು. ಸಿ.ಡಿ.ಗೆ ಮಾತ್ರ ಇದರಿಂದ ಮೈಯೆಲ್ಲ ಉರಿ.

“ಒಂದು ಸಾಲು ತಾನೇ, ಬಿಡು ಮಾರಾಯ,” ಎಂದಿತು ಪ್ಲೇಯರ್.

“ನಿನಗೇನು, ತೊದಲುವವನು ನಾನು,” ಎಂದು ಸಿ.ಡಿ. ಟೂತ್‌ಪೇಸ್ಟನ್ನು ಕರೆಸಿತು.

ಪೇಸ್ಟ್ ಬಂದು ಉಜ್ಜಿತು. ಗೀರು ಮಾಸಿ, ಹಾಡು ತಡೆಯಿಲ್ಲದೆ ಸಾಗಿತು. “ಇಲ್ಲಿಗೆ ನಿಲ್ಲಿಸು,” ಎಂದಿತು ಪ್ಲೇಯರ್.

“ಓರೆಯಾಗಿ ನೋಡಿದರೆ ಇನ್ನೂ ಕಾಣುತ್ತದೆ.”

“ಹಾಗೆ ನೋಡುವವರು ಯಾರು?”

“ನಾನು.”

ಪೇಸ್ಟಿಗೆ ಸ್ವಂತ ಅಭಿಪ್ರಾಯಗಳಿರಲಿಲ್ಲ. “ಹೇಳಿದಷ್ಟು ಉಜ್ಜುತ್ತೇನೆ ಸ್ವಾಮಿ,” ಎಂದು ಸುತ್ತಿ ಸುತ್ತಿ ಉಜ್ಜಿತು. ಗೀರು ಹೋಯಿತು. ಅದರ ಜಾಗದಲ್ಲಿ ಕಣ್ಣಿಗೆ ಕಾಣದ ಸಾವಿರ ಸಣ್ಣ ಗೀರುಗಳು ಸದ್ದಿಲ್ಲದೆ ಎದ್ದವು. ಸಿ.ಡಿ. ಕನ್ನಡಿಯಂತೆ ಹೊಳೆಯುತ್ತ ಪ್ಲೇಯರಿನೊಳಗೆ ಹೋಗಿ ಕೂತಿತು.

ಪ್ಲೇಯರ್ ತಿರುಗಿಸಿತು, ತಡಕಾಡಿತು, ಮತ್ತೆ ತಿರುಗಿಸಿತು. “ಏನೂ ಸಿಗುತ್ತಿಲ್ಲ,” ಎಂದಿತು.

ವನಮಾಲಮ್ಮ ಸ್ವಲ್ಪ ಹೊತ್ತು ಕಾದರು. ಆಮೇಲೆ, ತಮಗೆ ರೂಢಿಯಿದ್ದ ಆ ಒಂದು ಸಾಲನ್ನು ಹಾಡಿದರು. ಅಕ್ಕ ಮುಂದಿನ ಸಾಲಿಗೆ ಬರಲಿಲ್ಲ.

ಮರುದಿನ ಸಿ.ಡಿ. ತಾರಸಿಯ ಮೇಲೆ, ಒಣಹಾಕಿದ ಹಪ್ಪಳಗಳ ಪಕ್ಕದಲ್ಲಿ, ಕಾಗೆ ಬೆದರಿಸಲು ದಾರದಿಂದ ನೇತಾಡುತ್ತಿತ್ತು. ಕಾಗೆ ಮೊದಲ ದಿನ ಹೆದರಿತು. ಎರಡನೆಯ ದಿನ ಹತ್ತಿರ ಬಂದು ಮುಖ ನೋಡಿಕೊಂಡಿತು.

“ಒಂದೇ ಒಂದು ಗೀರೂ ಇಲ್ಲವಲ್ಲ,” ಎಂದು ಮೆಚ್ಚಿ, ಹಪ್ಪಳ ಕಚ್ಚಿಕೊಂಡು ಹಾರಿಹೋಯಿತು.